ಪಿಟಿಸಿಎಲ್ (ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ವರ್ಗಾವಣೆ ತಡೆಯುವ ಕಾಯ್ದೆ): 1971ರ ಮಂಜೂರಾತಿ, 1984ರ ಕ್ರಯ. 2023ರ ತಿದ್ದುಪಡಿ ನಂಬಿಕೊಂಡು ಈಗ ಅರ್ಜಿ ಹಾಕಬಹುದೇ?

ಅರ್ಜಿಬರಹ:

ಎಲ್ಲರಿಗೂ ನಮಸ್ಕಾರ. ಒಂದು ಪ್ರಕರಣದ ಬಗ್ಗೆ ಖಚಿತ ಉತ್ತರ ಬೇಕಿತ್ತು.

ಪರಿಶಿಷ್ಟ ಜಾತಿಯ ಭೂರಹಿತ ಕೂಲಿಯೊಬ್ಬರಿಗೆ 1971ರಲ್ಲಿ ದರಖಾಸ್ತಿನಲ್ಲಿ (ಸರ್ಕಾರಿ ಜಮೀನಿಗೆ ಅರ್ಜಿ ಹಾಕಿ ಪಡೆಯುವ ಕ್ರಮ) 2 ಎಕರೆ 20 ಗುಂಟೆ ಗೋಮಾಳದ ಜಮೀನು ಮಂಜೂರಾಗಿದೆ. 1984ರಲ್ಲಿ ಅವರು ಅದನ್ನು ನೋಂದಾಯಿತ ಕ್ರಯಪತ್ರದ ಮೂಲಕ ಮಾರಿದ್ದಾರೆ. ಕೊಂಡವರು 2006ರಲ್ಲಿ ಇನ್ನೊಬ್ಬರಿಗೆ ಮಾರಿದ್ದಾರೆ. ಮೂಲ ಮಂಜೂರಿದಾರರು ತೀರಿಹೋಗಿದ್ದಾರೆ. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಇದುವರೆಗೆ ಯಾರೂ ಯಾವ ಕಚೇರಿಯಲ್ಲೂ ಅರ್ಜಿ ಕೊಟ್ಟಿಲ್ಲ. ಪಹಣಿಯಲ್ಲಿ ಎರಡನೇ ಖರೀದಿದಾರರ ಹೆಸರಿದೆ. ಸಾಗುವಳಿ ಚೀಟಿ (ಮಂಜೂರಿದಾರರಿಗೆ ಕೊಡುವ ಪತ್ರ) ಮನೆಯಲ್ಲಿ ಇಲ್ಲ.

ಪ್ರಶ್ನೆ ಮೂರು. ತಿದ್ದುಪಡಿ ಆದಮೇಲೆ ಕಾಲಮಿತಿಯೇ ಇಲ್ಲ ಎನ್ನುತ್ತಾರೆ, ನಿಜವೇ? ಸಾಗುವಳಿ ಚೀಟಿ ಇಲ್ಲದೆ ಕೇಸು ನಿಲ್ಲುತ್ತದೆಯೇ? ಎರಡನೇ ಖರೀದಿದಾರರು "ನಾವು ದುಡ್ಡು ಕೊಟ್ಟು ತಿಳಿಯದೆ ಕೊಂಡವರು" ಎಂದರೆ ಎಸಿ (ಉಪವಿಭಾಗಾಧಿಕಾರಿ) ಒಪ್ಪುತ್ತಾರೆಯೇ?

ಮಲೆನಾಡ_ಮಾತು:

2023ರಲ್ಲಿ ತಿದ್ದುಪಡಿ ಬಂದಿದೆ, ಕಾಲಮಿತಿ ತೆಗೆದಿದ್ದಾರೆ. ಕಣ್ಣು ಮುಚ್ಚಿ ಹಾಕಿ. ಗೆಲ್ಲೋದು ಗ್ಯಾರಂಟಿ.

ಹಳೇ_ಶಿರಸ್ತೆ:

ಕಣ್ಣು ಮುಚ್ಚಿ ಹಾಕಿದ ಅರ್ಜಿಗಳೇ ಹೈಕೋರ್ಟಿನಲ್ಲಿ ಬೀಳುತ್ತಿರುವುದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಕಾಯ್ದೆ ಏನು ಹೇಳುತ್ತದೆ ಅಂತ ನೋಡೋಣ. 1978ರ ಪಿಟಿಸಿಎಲ್ ಕಾಯ್ದೆ ಜಾರಿಗೆ ಬಂದದ್ದು 1979ರ ಜನವರಿ 1ರಂದು. ಕಲಂ 4(1)ರ ಪ್ರಕಾರ ಮಂಜೂರಾತಿಯ ಷರತ್ತು ಮುರಿದು ಆದ ಪರಭಾರೆ (ಜಮೀನು ಬೇರೆಯವರಿಗೆ ದಾಟಿಸುವುದು), ಅದು ಕಾಯ್ದೆಗೆ ಮುಂಚೆ ಆಗಿರಲಿ ನಂತರ ಆಗಿರಲಿ, ಶೂನ್ಯ. ಕಲಂ 4(2)ರ ಪ್ರಕಾರ ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಈ ಕಾಯ್ದೆಯ ಸಿಂಧುತ್ವವನ್ನು ಸುಪ್ರೀಂ ಕೋರ್ಟ್ 1984ರ ಮಂಚೇಗೌಡ ಪ್ರಕರಣದಲ್ಲೇ ಎತ್ತಿಹಿಡಿದಿದೆ.

ನಿಮ್ಮ ಪ್ರಕರಣದಲ್ಲಿ ಎರಡೂ ಉಲ್ಲಂಘನೆ ಕಾಣುತ್ತಿದೆ. 1969ರ ಭೂ ಮಂಜೂರಾತಿ ನಿಯಮಗಳಡಿ ಕೊಟ್ಟ ಜಮೀನಾದರೆ ಪರಭಾರೆ ನಿಷೇಧ 15 ವರ್ಷ. 1971ಕ್ಕೆ 15 ಸೇರಿಸಿದರೆ 1986. ಕ್ರಯ ಆದದ್ದು 1984ರಲ್ಲಿ, ಅಂದರೆ ಅವಧಿಯ ಒಳಗೇ. ಸರ್ಕಾರದ ಅನುಮತಿಯನ್ನೂ ಪಡೆದಿಲ್ಲ ಅಂದುಕೊಳ್ಳೋಣ. ಮೇಲಾಗಿ ಕ್ರಯ 1979ರ ನಂತರದ್ದಾದ್ದರಿಂದ ಪ್ರತಿಕೂಲ ಸ್ವಾಧೀನದ (ಬಹುಕಾಲ ಅನುಭವಿಸಿದ್ದರಿಂದಲೇ ಹಕ್ಕು ಬಂತು ಎಂಬ) ವಾದಕ್ಕೆ ಜಾಗವಿಲ್ಲ. ಆ ವಾದ ನಿಲ್ಲಬೇಕಾದರೆ ಕಾಯ್ದೆ ಜಾರಿಯಾಗುವ ಮೊದಲೇ ಅವಧಿ ತುಂಬಿರಬೇಕು. ಮಂಜೂರಾತಿಯ ಸ್ವರೂಪ ನೋಡಿಕೊಂಡು 12 ವರ್ಷವೋ 30 ವರ್ಷವೋ ಎಂದು 1994ರ ಹುಚ್ಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಂಗಡಿಸಿದೆ.

ಕಾನೂನು ಇಷ್ಟು ಗಟ್ಟಿಯಾಗಿದ್ದರೂ ಅರ್ಜಿ ಎಲ್ಲಿ ಬೀಳುತ್ತದೆ? ವಿಳಂಬದಲ್ಲಿ. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಇಷ್ಟು: ಕಾಯ್ದೆಯಲ್ಲಿ ಕಾಲಮಿತಿ ಬರೆದಿಲ್ಲದಿದ್ದರೂ ಸಮಂಜಸ ಕಾಲದೊಳಗೆ ಕ್ರಮ ಆಗಬೇಕು. ಅಲ್ಲಿ ಕಾಯ್ದೆ ಬಂದು ಸುಮಾರು 25 ವರ್ಷದ ಮೇಲೆ ಕ್ರಮ ಶುರುವಾಗಿತ್ತು, ರದ್ದಾಯಿತು. ಅದರ ನಂತರ ಎಸಿ, ಡಿಸಿ (ಜಿಲ್ಲಾಧಿಕಾರಿ) ಆದೇಶಗಳು ಸಾಲುಸಾಲಾಗಿ ರದ್ದಾದವು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಭೂಮಿ ಕಳೆದುಕೊಂಡವರು ತಿಂಗಳುಗಟ್ಟಲೆ ಧರಣಿ ಕೂತದ್ದು ಇದಕ್ಕೇ.

ಅದರ ಫಲವೇ 2023ರ ತಿದ್ದುಪಡಿ. ಕಲಂ 5(1)ಕ್ಕೆ (ಸಿ) ಮತ್ತು (ಡಿ) ಖಂಡ ಸೇರಿಸಿದರು. ಕಾಯ್ದೆಯನ್ನು ಬಳಸಿಕೊಳ್ಳಲು ಕಾಲಮಿತಿ ಇಲ್ಲ, ಬಾಕಿ ಇರುವ ಪ್ರಕರಣಗಳಿಗೂ ಇದು ಅನ್ವಯ ಅಂತ. ಮಲೆನಾಡ_ಮಾತು ಅವರು ಹೇಳಿದ್ದು ಇಲ್ಲಿಯವರೆಗೆ ಸರಿ. ಆದರೆ 2024ರಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ ಒಂದು ಸೂಕ್ಷ್ಮ ಭೇದ ಮಾಡಿತು. ಕಾಲಮಿತಿ ಬೇರೆ, ವಿಳಂಬ ಮತ್ತು ಉದಾಸೀನ ಬೇರೆ. ಶಾಸನ ತೆಗೆದದ್ದು ಮೊದಲನೆಯದನ್ನು. ಎರಡನೆಯದನ್ನು ನೋಡುವ ಅಧಿಕಾರ ಹಾಗೇ ಉಳಿದಿದೆ. ಶಾಸಕಾಂಗ ಬಾಗಿಲು ತೆರೆದರೂ ಹೊಸ್ತಿಲಲ್ಲಿ ಒಂದು ಪ್ರಶ್ನೆ ನಿಂತೇ ಇದೆ: ಇಷ್ಟು ದಿನ ಎಲ್ಲಿದ್ದಿರಿ?

ಹಾಗಾಗಿ 1984ರಿಂದ ಈವರೆಗಿನ ನಾಲ್ಕು ದಶಕಕ್ಕೆ ಅರ್ಜಿಯಲ್ಲೇ ಉತ್ತರ ಇರಬೇಕು. "ಅನಕ್ಷರಸ್ಥರು, ತಿಳಿದಿರಲಿಲ್ಲ" ಎಂಬ ಒಂದು ಸಾಲು ಎಲ್ಲ ಅರ್ಜಿಯಲ್ಲೂ ಇರುತ್ತದೆ, ಅದಕ್ಕೆ ತೂಕವಿಲ್ಲ. ಕ್ರಯವಾದಾಗ ಮಕ್ಕಳ ವಯಸ್ಸು ಎಷ್ಟು, ಮಂಜೂರಿದಾರರು ತೀರಿಕೊಂಡದ್ದು ಯಾವಾಗ, ಕುಟುಂಬ ವಲಸೆ ಹೋಗಿತ್ತೇ, ಮಂಜೂರಾದ ಜಮೀನು ಎಂಬುದು ಯಾವ ದಾಖಲೆಯಿಂದ ಯಾವ ದಿನ ತಿಳಿಯಿತು, ಕಾಯ್ದೆಯಡಿ ಎಸಿ ಸ್ವಯಂಪ್ರೇರಿತವಾಗಿ ಕ್ರಮ ಕೈಗೊಳ್ಳಬಹುದಾಗಿದ್ದರೂ ಏಕೆ ಕೈಗೊಳ್ಳಲಿಲ್ಲ. ಇದನ್ನೆಲ್ಲ ದಿನಾಂಕ ಸಮೇತ ಬರೆಯಿರಿ, ಪ್ರತಿಯೊಂದಕ್ಕೂ ಒಂದು ಕಾಗದ ಲಗತ್ತಿಸಿ. ಜಮೀನು ಇಂದಿಗೂ ಸಾಗುವಳಿಯಲ್ಲೇ ಇದೆ, ಕಟ್ಟಡ ಎದ್ದಿಲ್ಲ ಎಂಬುದಾದರೆ ಅದನ್ನೂ ಫೋಟೊ ಸಹಿತ ಹೇಳಿ. ಸ್ಥಿತಿ ಬದಲಾಗಿಲ್ಲ ಎನ್ನುವುದು ವಿಳಂಬದ ವಾದಕ್ಕೆ ಎದುರಾಗಿ ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಗೆಲುವು ಖಾತ್ರಿಯಿಲ್ಲ. ಆದರೆ ಎಸಿ ಹಂತದಲ್ಲಿ ಬರೆಯದ ಕಾರಣವನ್ನು ಹೈಕೋರ್ಟಿನಲ್ಲಿ ಹೊಸದಾಗಿ ಹುಟ್ಟಿಸಲು ಆಗುವುದಿಲ್ಲ.

ಕಡತ_ಕೋಣೆ:

ಶಿರಸ್ತೆ ಸರ್ ಕಾನೂನು ಹೇಳಿದರು, ನಾನು ಕಾಗದದ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಪಿಟಿಸಿಎಲ್ ಕೇಸು ಅರ್ಧ ತೀರ್ಮಾನ ಆಗುವುದು ರೆಕಾರ್ಡ್ ರೂಮಿನಲ್ಲೇ.

ಸಾಗುವಳಿ ಚೀಟಿ ಕಳೆದಿದ್ದರೆ ಕೇಸು ಮುಗಿಯಿತು ಅಂತಲ್ಲ. ತಾಲ್ಲೂಕು ಕಚೇರಿಯಲ್ಲಿ ಅದರ ನೆರಳು ನಾಲ್ಕೈದು ಕಡೆ ಬಿದ್ದಿರುತ್ತದೆ. ಮಂಜೂರಾತಿ ಕಡತ, ಅದರಲ್ಲೇ ಮಂಜೂರಾತಿ ಆದೇಶ ಮತ್ತು ಚೀಟಿಯ ಕಚೇರಿ ಪ್ರತಿ ಇರುತ್ತದೆ. ದರಖಾಸ್ತು ಅಥವಾ ಗ್ರಾಂಟ್ ರಿಜಿಸ್ಟರು. ಸಾಗುವಳಿ ಚೀಟಿ ವಿತರಣಾ ವಹಿ. ಮಂಜೂರಾತಿ ಆಧಾರದ ಮೇಲೆ ಖಾತೆ ಕೂರಿಸಿದ ಎಂ.ಆರ್. (ಹಕ್ಕು ಬದಲಾವಣೆ ದಾಖಲೆ). ಇದರ ಜೊತೆಗೆ ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್. ಕಡತ ಸಿಗದಿದ್ದರೂ ರಿಜಿಸ್ಟರಿನ ಒಂದು ಸಾಲು, ಎಂ.ಆರ್. ಪ್ರತಿ, ಕೈಬರಹದ ಹಳೇ ಪಹಣಿ, ಈ ಮೂರು ಒಂದೇ ಮಾತು ಹೇಳಿದರೆ ಗಟ್ಟಿ ಸಾಕ್ಷ್ಯ. ಭೂ ಸುರಕ್ಷಾ ಯೋಜನೆಯಲ್ಲಿ ಹಳೇ ಕಡತಗಳ ಸ್ಕ್ಯಾನಿಂಗ್ ನಡೆದಿದೆ, ನಿಮ್ಮ ತಾಲ್ಲೂಕಿನದು ಆಗಿದೆಯೇ ಎಂದು ಮೊದಲು ವಿಚಾರಿಸಿ.

ಪಹಣಿ ಓದುವಾಗ ಎಲ್ಲರೂ 9ನೇ ಕಾಲಂ, ಅಂದರೆ ಕಬ್ಜೇದಾರರ ಹೆಸರು ನೋಡಿ ಬಿಡುತ್ತಾರೆ. ನೋಡಬೇಕಾದದ್ದು 10 ಮತ್ತು 11. 1970ರ ದಶಕದ ಕೈಬರಹದ ಪಹಣಿಯ 10ನೇ ಕಾಲಮ್ಮಿನಲ್ಲಿ ಸ್ವಾಧೀನ ಬಂದ ರೀತಿ ಇರುತ್ತದೆ. ಅಲ್ಲಿ "ದರಖಾಸ್ತು" ಅಂತಲೋ "ಗ್ರಾಂಟ್" ಅಂತಲೋ ಒಂದು ಪದ, ಪಕ್ಕದಲ್ಲಿ ಒಂದು ನಂಬರು ಮತ್ತು ವರ್ಷ. ಆ ನಂಬರೇ ಕಡತ ತೆಗೆಸುವ ಕೀಲಿಕೈ. ಗಣಕೀಕೃತ ಪಹಣಿಯಲ್ಲಿ ಆ ಜಾಗದಲ್ಲಿ ಕೊನೆಯ ಕ್ರಯದ ಎಂ.ಆರ್. ಕೂತಿರುತ್ತದೆ, ಮಂಜೂರಾತಿಯ ಸುಳಿವೇ ಸಿಗುವುದಿಲ್ಲ. ಆದ್ದರಿಂದ ಮಂಜೂರಾದ ವರ್ಷದಿಂದ ಇಲ್ಲಿಯವರೆಗಿನ ಎಲ್ಲ ಪಹಣಿಗೂ ಅರ್ಜಿ ಹಾಕಿ. 11ನೇ ಕಾಲಂ ಇತರೆ ಹಕ್ಕು ಮತ್ತು ಋಣಗಳದು. ಸಾಲ, ನಿರ್ಬಂಧ ಇದ್ದರೆ ಅಲ್ಲಿ ಬರುತ್ತದೆ.

ಆರ್‌ಟಿಐ ಹಾಕುವವರಿಗೆ ಒಂದು ಮಾತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಒಂದೇ ಅರ್ಜಿಯಲ್ಲಿ ಕಡತ, ಪಹಣಿ, ಸರ್ವೆ ನಕ್ಷೆ, ವಂಶವೃಕ್ಷ ಎಲ್ಲ ಕೇಳಿದರೆ ವಾಪಸ್ ಕಳಿಸಲು ನೆಪ ಸಿಗುತ್ತದೆ. ಬೇರೆ ಬೇರೆ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಿ. "ಕಡತ ಲಭ್ಯವಿಲ್ಲ" ಎಂದು ಬರೆದುಕೊಟ್ಟರೆ ಆ ಹಿಂಬರಹವನ್ನೂ ಜೋಪಾನವಾಗಿಡಿ. ಕಡತ ಇಟ್ಟುಕೊಳ್ಳಬೇಕಾದ್ದು ಕಚೇರಿಯ ಹೊಣೆ, ಅರ್ಜಿದಾರರದಲ್ಲ ಎಂದು ವಾದಿಸಲು ಅದು ಬೇಕು.

ಉಪನೋಂದಣಿ ಕಚೇರಿಯಿಂದ 1971ರಿಂದ ಇಲ್ಲಿಯವರೆಗಿನ ಇಸಿ (ಋಣಭಾರ ಪತ್ರ), 1984 ಮತ್ತು 2006ರ ಎರಡೂ ಕ್ರಯಪತ್ರಗಳ ದೃಢೀಕೃತ ನಕಲು ತೆಗೆಸಿ. ಹಳೇ ಕ್ರಯಪತ್ರವನ್ನು ಪೂರ್ತಿ ಓದಿ. ಎಷ್ಟೋ ಪತ್ರಗಳಲ್ಲಿ "ನನಗೆ ಸರ್ಕಾರದಿಂದ ಮಂಜೂರಾಗಿ ಬಂದಿರುವ" ಎಂದು ಮಾರುವವರ ಬಾಯಲ್ಲೇ ಬರೆಸಿರುತ್ತಾರೆ. ಆ ಒಂದು ವಾಕ್ಯ ಸಿಕ್ಕರೆ ಸಾಗುವಳಿ ಚೀಟಿ ಇಲ್ಲದ ಕೊರತೆ ಬಹುಪಾಲು ನೀಗುತ್ತದೆ, ಏಕೆಂದರೆ ಖರೀದಿದಾರರ ದಾಖಲೆಯೇ ಮಂಜೂರಾತಿಯನ್ನು ಒಪ್ಪಿಕೊಂಡಂತಾಯಿತು. ಇಂಥ ಪತ್ರ ನೋಂದಣಿಯಾದದ್ದಾದರೂ ಹೇಗೆ ಎಂದು ಕೇಳುತ್ತಾರೆ. ಕಲಂ 6 ನೋಂದಣಾಧಿಕಾರಿಯನ್ನು ತಡೆಯುವುದು ಮಂಜೂರಾದ ಜಮೀನುಗಳ ಪಟ್ಟಿ ಅವರ ಕೈಗೆ ತಲುಪಿದ್ದರೆ ಮಾತ್ರ. ಪಟ್ಟಿ ತಲುಪದ ಕಡೆ ತಡೆ ಎಲ್ಲಿಂದ ಬರಬೇಕು?

ಇನ್ನು ಯಾವುದು ಈ ಕಾಯ್ದೆಯಡಿ ಬರುವುದಿಲ್ಲ ಅಂತಲೂ ಗೊತ್ತಿರಲಿ. ತೋಟಿ, ತಳವಾರಿಕೆ, ನೀರಗಂಟಿ ಇಂಥ ಊರ ಚಾಕರಿಯ ಇನಾಂ ಜಮೀನು ಮರುಮಂಜೂರಾಗಿದ್ದರೆ ಅದು "ಮಂಜೂರಾದ ಜಮೀನು" ಎಂಬ ವ್ಯಾಖ್ಯೆಯ ಹೊರಗೆ. ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ್ದನ್ನು ಕಲಂ 3ರಲ್ಲೇ ಬಿಟ್ಟಿದ್ದಾರೆ. ಅದಕ್ಕೆ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬೇರೆ ಇದೆ. ಭೂ ನ್ಯಾಯಮಂಡಳಿ ಗೇಣಿದಾರರಿಗೆ ಕೊಟ್ಟ ಅಧಿಭೋಗದ ಹಕ್ಕೂ ಸಾಮಾನ್ಯವಾಗಿ ಇಲ್ಲಿ ನಿಲ್ಲುವುದಿಲ್ಲ, ಅದು ಇದ್ದ ಹಕ್ಕನ್ನು ಗುರುತಿಸಿದ್ದೇ ಹೊರತು ಸರ್ಕಾರ ಹೊಸದಾಗಿ ಕೊಟ್ಟದ್ದಲ್ಲ. ಮಿತಿಗಿಂತ ಹೆಚ್ಚಿನ ಭೂಮಿಯನ್ನು ಸರ್ಕಾರ ವಶಪಡಿಸಿಕೊಂಡು ಹಂಚಿದ್ದಾದರೆ ಬರುತ್ತದೆ.

ಜಾತಿಯ ವಿಷಯದಲ್ಲೂ ಒಂದು ಗುಂಡಿ ಇದೆ. ಮಂಜೂರಾದ ದಿನ ಆ ಜಾತಿ ಆ ಪ್ರದೇಶದಲ್ಲಿ ಪಟ್ಟಿಯಲ್ಲಿತ್ತೇ ಎಂದು ಎದುರು ವಕೀಲರು ಕೇಳಿಯೇ ಕೇಳುತ್ತಾರೆ. ಲಂಬಾಣಿ, ಭೋವಿ, ಕೊರಮ, ಕೊರಚ ಸಮುದಾಯಗಳಿಗೆ 1976ರ ತಿದ್ದುಪಡಿ ಕಾಯ್ದೆ ಬರುವವರೆಗೆ ಪ್ರದೇಶದ ನಿರ್ಬಂಧ ಇತ್ತು. ಹಳೇ ಮೈಸೂರಿನಲ್ಲಿ ಪರಿಶಿಷ್ಟ ಜಾತಿ, ಮುಂಬೈ ಕರ್ನಾಟಕ ಅಥವಾ ಹೈದರಾಬಾದ್ ಕರ್ನಾಟಕಕ್ಕೆ ಹೋದರೆ ಅಲ್ಲ. ಬೇಡ, ವಾಲ್ಮೀಕಿ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 1991ರಲ್ಲಿ. ನಿಮ್ಮದು 1971ರ ಮಂಜೂರಾತಿ, ಆದ್ದರಿಂದ ಯಾವ ಜಾತಿ, ಯಾವ ಜಿಲ್ಲೆ ಎಂದು ನೋಡದೆ ಮುಂದೆ ಹೋಗಬೇಡಿ.

ಹಳೇ_ಶಿರಸ್ತೆ:

ಕಡತ_ಕೋಣೆ ಸರ್, ಜಾತಿ ಪಟ್ಟಿಯ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಎಸಿ ಕೋರ್ಟಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ರಿಟ್ ಹಂತದಲ್ಲಿ ದಿಢೀರನೆ ಎದ್ದು ಬರುತ್ತದೆ.

ಮೂರನೇ ಪ್ರಶ್ನೆ ಉಳಿಯಿತು. ತಿಳಿಯದೆ ಕೊಂಡವರು ಎಂಬ ವಾದ ಈ ಕಾಯ್ದೆಯಲ್ಲಿ ನಡೆಯುವುದಿಲ್ಲ. ಮೊದಲ ಕ್ರಯವೇ ಶೂನ್ಯ ಎಂದಾದರೆ ಎರಡನೆಯವರಿಗೆ ದಾಟಲು ಹಕ್ಕೇ ಇಲ್ಲ. ಅಲ್ಲದೆ ಕಲಂ 5(3)ರ ಪೂರ್ವಗ್ರಹಿಕೆ ಇದೆ: ಮಂಜೂರಾದ ಜಮೀನು ಮೂಲ ಮಂಜೂರಿದಾರ ಅಥವಾ ವಾರಸುದಾರರಲ್ಲದವರ ಕೈಯಲ್ಲಿದ್ದರೆ ಅದು ಶೂನ್ಯ ಪರಭಾರೆಯಿಂದ ಬಂದದ್ದೆಂದೇ ತಿಳಿಯಬೇಕು, ಅಲ್ಲವೆಂದು ತೋರಿಸುವ ಹೊರೆ ಅವರದು. ಆದರೆ ಆ ಹೊರೆ ಅವರ ತಲೆಗೆ ಏರುವುದು "ಇದು ಮಂಜೂರಾದ ಜಮೀನು" ಎಂದು ನೀವು ತೋರಿಸಿದ ಮೇಲೆ. ಮತ್ತೆ ಕಾಗದಕ್ಕೇ ಬಂದು ನಿಂತೆವು ನೋಡಿ.

ಕಲಂ 3ರ "ವರ್ಗಾವಣೆ" ಬಹಳ ಅಗಲವಾದ ಪದ. ಕ್ರಯ, ದಾನ, ವಿನಿಮಯ, ಆಧಾರ, ಗುತ್ತಿಗೆ ಮಾತ್ರವಲ್ಲ, ಕ್ರಯದ ಕರಾರೂ ಅದರಲ್ಲಿ ಸೇರಿದೆ. ಹೊರಗಿಟ್ಟಿರುವುದು ಕುಟುಂಬದೊಳಗಿನ ವಿಭಾಗ ಮತ್ತು ಉಯಿಲು. ಈ ಉಯಿಲಿನ ಸಂದಿಯಲ್ಲೇ ಎಷ್ಟೋ ವ್ಯವಹಾರ ನುಸುಳುತ್ತದೆ. ಸಂಬಂಧವೇ ಇಲ್ಲದವರ ಹೆಸರಿಗೆ ಉಯಿಲು, ಅದೇ ದಿನ ಜಿಪಿಎ (ಅಧಿಕಾರ ಪತ್ರ), ಅದೇ ದಿನ ದುಡ್ಡಿನ ರಸೀದಿ. ಮೂರನ್ನೂ ಒಟ್ಟಿಗಿಟ್ಟು ತೋರಿಸಿದರೆ ಉಯಿಲಿನ ಬಣ್ಣ ಬಯಲಾಗುತ್ತದೆ.

ಎರಡೆಕರೆ:

ಕೊಳ್ಳುವವರ ಕಡೆಯಿಂದ ಒಂದು ಮಾತು. 15 ವರ್ಷ ಮುಗಿಯಿತು, ಇನ್ನು ಮಾರಬಹುದು ಎಂದು ದಲ್ಲಾಳಿಗಳು ಹೇಳುತ್ತಾರೆ. ಅವಧಿ ಮುಗಿದರೂ 4(2)ರ ಅನುಮತಿ ಬೇಕು. ಅನುಮತಿ ಕೊಡಬೇಕಾದ್ದು ರಾಜ್ಯ ಸರ್ಕಾರ. ತಹಶೀಲ್ದಾರ್ ವರದಿ, ಡಿಸಿ ಶಿಫಾರಸು ಅನುಮತಿಯಲ್ಲ. ಕ್ರಯ ಮಾಡಿಕೊಂಡು ಆಮೇಲೆ ಅನುಮತಿಗೆ ಓಡಿದರೆ ಅದು ಪೂರ್ವಾನುಮತಿ ಆಗುವುದಿಲ್ಲ. ಹಳೇ ಮೈಸೂರು ಭಾಗದ 1969ಕ್ಕೆ ಹಿಂದಿನ ಮಂಜೂರಾತಿಗಳಲ್ಲಿ ಅವಧಿಯೇ ಬೇರೆ ಬೇರೆ, ಕೆಲವು ಚೀಟಿಗಳಲ್ಲಿ ಶಾಶ್ವತ ನಿಷೇಧ. ಮುಂಗಡ ಕೊಡುವ ಮೊದಲು 1970ರ ಪಹಣಿ ತೆಗೆಸುವ ಖರ್ಚು ಚಹಾ ತಿಂಡಿಗಿಂತ ಹೆಚ್ಚಿಲ್ಲ.

ಬ್ಯಾಂಕಿನಲ್ಲಿ ಆಧಾರ ಮಾಡಿ ಬೆಳೆಸಾಲ ತೆಗೆದರೆ ತೊಂದರೆಯೇ ಅಂತ ಕೆಲವರು ಹೆದರುತ್ತಾರೆ. ಕಲಂ 7ರಲ್ಲಿ ಬ್ಯಾಂಕಿಗೆ, ಸರ್ಕಾರಕ್ಕೆ, ಸ್ಥಳೀಯ ಸಂಸ್ಥೆಗೆ ವಿನಾಯಿತಿ ಇದೆ.

ಅರ್ಜಿಬರಹ:

ಎಲ್ಲರಿಗೂ ಧನ್ಯವಾದ. ಜಾತಿ ಆದಿ ಕರ್ನಾಟಕ, ಜಿಲ್ಲೆ ತುಮಕೂರು. ಆ ಗುಂಡಿ ದಾಟಿದೆವು ಅನ್ನಿಸುತ್ತದೆ. ರಿಜಿಸ್ಟರಿನ ನಕಲು ಸಿಕ್ಕಿತು. ಅದರಲ್ಲಿ ಸರ್ವೆ ನಂಬರ್ 87, 2 ಎಕರೆ 20 ಗುಂಟೆ ಎಂದಿದೆ. ಕ್ರಯಪತ್ರದಲ್ಲಿ ಸರ್ವೆ ನಂಬರ್ 214, 2 ಎಕರೆ 12 ಗುಂಟೆ. ಎರಡೂ ಒಂದೇ ಜಮೀನಾ? ಮತ್ತೆ, ಮಗಳ ಸಹಿ ಬೇಕೇ ಬೇಕಾ? ಅಣ್ಣಂದಿರು ಸಾಕು ಅನ್ನುತ್ತಿದ್ದಾರೆ.

ಕಡತ_ಕೋಣೆ:

ಗೋಮಾಳದಲ್ಲಿ ಹತ್ತಾರು ಜನರಿಗೆ ಮಂಜೂರಾದಾಗ ಎಲ್ಲರ ಚೀಟಿಯಲ್ಲೂ ಮೂಲ ನಂಬರ್ 87 ಎಂದೇ ಇರುತ್ತದೆ. ಆಮೇಲೆ ಪೋಡಿ ದುರಸ್ತಿಯಾಗಿ (ಅಳತೆ ಮಾಡಿ ಭಾಗ ಬೇರ್ಪಡಿಸಿ) ಒಬ್ಬೊಬ್ಬರಿಗೆ ಹೊಸ ನಂಬರು ಬೀಳುತ್ತದೆ. ನಿಮ್ಮದು 214 ಆಗಿರುವ ಸಾಧ್ಯತೆ ಹೆಚ್ಚು. ಆದರೆ ಸಾಧ್ಯತೆ ಸಾಲದು. ಸರ್ವೆ ಕಚೇರಿಯಿಂದ 87ರ ಮೂಲ ಟಿಪ್ಪಣಿ (ಅಳತೆ ದಾಖಲೆ), ದುರಸ್ತಿ ಕಡತ, 214ರ ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಮತ್ತು ಅಟ್ಲಾಸ್ (ನಕ್ಷೆ) ತೆಗೆಸಿ. ಆಕಾರಬಂದ್‌ನಲ್ಲಿ ಖರಾಬು (ಸಾಗುವಳಿಗೆ ಬಾರದ ಭಾಗ) ಎಷ್ಟು ನೋಡಿ. 8 ಗುಂಟೆ ಹಳ್ಳಕ್ಕೋ ದಾರಿಗೋ ಖರಾಬಾಗಿ ಹೋಗಿದ್ದರೆ ಲೆಕ್ಕ ಕೂಡಿತು. ಕೂಡದಿದ್ದರೆ ಅಳತೆ ಮಾಡಿಸಿ. ಅರ್ಜಿಯಲ್ಲಿ "ಹಳೇ ಸರ್ವೆ ನಂ. 87, ಹೊಸ ಸರ್ವೆ ನಂ. 214" ಎಂದು ಎರಡನ್ನೂ, ಚಕ್ಕುಬಂದಿ (ನಾಲ್ಕು ಗಡಿ) ಸಹಿತ ಬರೆಯಿರಿ. 87 ಒಂದನ್ನೇ ಬರೆದು ಆದೇಶ ಬಂದರೆ ಭೂಮಿ ತಂತ್ರಾಂಶದಲ್ಲಿ ಖಾತೆ ಕೂರುವುದಿಲ್ಲ. ಆದೇಶ ಕೈಯಲ್ಲಿದ್ದರೂ ಪಹಣಿ ಮಾತ್ರ ಅವರ ಹೆಸರಲ್ಲೇ ಇರುತ್ತದೆ.

ಮಗಳ ಹೆಸರು ಕಡ್ಡಾಯವಾಗಿ ಸೇರಿಸಿ. ಅರ್ಜಿಗೆ ಆಸಕ್ತರಲ್ಲಿ ಒಬ್ಬರೇ ಸಾಕು ಎಂಬುದು ಕಾನೂನಿನಲ್ಲಿ ನಿಜ. ಆದರೆ ಜಮೀನು ವಾಪಸ್ ಹೋಗುವುದು ಎಲ್ಲ ವಾರಸುದಾರರಿಗೆ. ನಾಡಕಚೇರಿಯ ವಂಶವೃಕ್ಷದಲ್ಲಿ ಅವರನ್ನು ಬಿಟ್ಟರೆ ಎದುರಿನವರು ಅದನ್ನೇ ಹಿಡಿದುಕೊಂಡು ದಾಖಲೆ ಸುಳ್ಳು ಎನ್ನುತ್ತಾರೆ, ಆಮೇಲೆ ಪೌತಿ ಖಾತೆಯಲ್ಲೂ (ತೀರಿಹೋದವರ ಖಾತೆ ವಾರಸುದಾರರಿಗೆ ಬದಲಿಸುವುದು) ತಕರಾರು.

ಹಳೇ_ಶಿರಸ್ತೆ:

ಎದುರುದಾರರಲ್ಲಿ ಮೊದಲ ಖರೀದಿದಾರರು, ಅವರು ಇಲ್ಲದಿದ್ದರೆ ಅವರ ವಾರಸುದಾರರು, ಎರಡನೇ ಖರೀದಿದಾರರು, ಈಗ ಉಳುತ್ತಿರುವವರು ಬೇರೆಯಿದ್ದರೆ ಅವರೂ ಇರಲಿ. ಒಬ್ಬರಿಗೆ ನೋಟಿಸ್ ಜಾರಿಯಾಗದೆ ಆದ ಆದೇಶ ಡಿಸಿ ಬಳಿ ಮೊದಲ ದಿನವೇ ಮರುವಿಚಾರಣೆಗೆ ವಾಪಸ್ ಬರುತ್ತದೆ, ಎರಡು ವರ್ಷ ನೀರಿನಲ್ಲಿ ಹೋಮ.

ಎಸಿ ಆದೇಶದ ಮೇಲೆ ಡಿಸಿಗೆ ಮೇಲ್ಮನವಿ ಕಲಂ 5ಎ ಪ್ರಕಾರ 3 ತಿಂಗಳೊಳಗೆ. ನೀವು ಸೋತರೆ ನಿಮಗೂ ಅದೇ ಗಡುವು. ಅಲ್ಲಿಂದ ಮುಂದೆ ಹೈಕೋರ್ಟಿಗೆ ರಿಟ್, ತುಮಕೂರಿನದು ಬೆಂಗಳೂರು ಪೀಠಕ್ಕೆ. ಗೆದ್ದ ದಿನವೇ ಹೈಕೋರ್ಟಿನಲ್ಲಿ ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಬೇಡ ಎಂಬ ಅರ್ಜಿ) ಹಾಕಿಡಿ, ಅದು 90 ದಿನ ನಿಲ್ಲುತ್ತದೆ, ಮುಗಿಯುವ ಮುಂಚೆ ಮತ್ತೆ ಹಾಕಬೇಕು. ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಸಮಿತಿಯ ಕಚೇರಿ ಇರುತ್ತದೆ, ಜಾತಿ ಪ್ರಮಾಣಪತ್ರ ತೆಗೆದುಕೊಂಡು ಹೋಗಿ.

ಆ ಜಮೀನಿನಲ್ಲಿ ಸೈಟು ಮಾಡಿ ಮನೆ ಎದ್ದಿದ್ದರೆ ಲೆಕ್ಕ ಬೇರೆ. ಮರಳಿಸುವುದು ಕಾರ್ಯಸಾಧ್ಯವಲ್ಲ ಎಂದು ಎಸಿ ಕಂಡುಕೊಂಡರೆ ಜಮೀನು ಸರ್ಕಾರಕ್ಕೆ ಸೇರುತ್ತದೆ, ಸರ್ಕಾರ ಅದನ್ನು ಬೇರೆ ಪರಿಶಿಷ್ಟರಿಗೆ ಮಂಜೂರು ಮಾಡಬಹುದು. ಗೆದ್ದರೂ ಮನೆಯವರ ಕೈಗೆ ಬಾರದಿರಬಹುದು ಎಂದು ಮೊದಲೇ ತಿಳಿಸಿ.

ಸ್ವಾಧೀನ ಕೊಡಿಸುವ ದಿನ ಕಂದಾಯ ನಿರೀಕ್ಷಕರ ಮಹಜರು, ಪಂಚರ ಸಹಿ, ಸರ್ವೆಯವರಿಂದ ಹದ್ದುಬಸ್ತು (ಗಡಿ ಗುರುತು), ಕಲ್ಲು ನೆಟ್ಟ ಫೋಟೊ, ಇಷ್ಟೂ ಆಗಲಿ. ಆಮೇಲೆ ಯಾರಾದರೂ ಕಲ್ಲು ಕಿತ್ತು ಉಳಲು ಬಂದರೆ ಅದು ಬರೀ ಸಿವಿಲ್ ತಕರಾರಲ್ಲ. ದೌರ್ಜನ್ಯ ತಡೆ ಕಾಯ್ದೆಯ ಕಲಂ 3(1)(ಎಫ್) ಮತ್ತು (ಜಿ) ಅನ್ವಯಿಸುತ್ತವೆ, ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ಠಾಣೆಯಲ್ಲಿ ದೂರು ಬರೆಸುವಾಗ ಮಹಜರಿನ ಪ್ರತಿ ಕೈಯಲ್ಲಿರಲಿ. ಸ್ವಾಧೀನ ಯಾವ ದಿನ ಬಂತು ಎಂದೇ ಮೊದಲು ಕೇಳುವುದು.

ಅರ್ಜಿಬರಹ:

ಸರಿ ಸರ್. ಸೋಮವಾರ ಆಕಾರಬಂದ್‌ಗೆ ಅರ್ಜಿ ಹಾಕಿಸುತ್ತೇನೆ. ಖರಾಬು ಲೆಕ್ಕ ಕೂಡಿತೋ ಇಲ್ಲವೋ ಇಲ್ಲೇ ಬರೆಯುತ್ತೇನೆ.